ಶಟರ್ ತೆರೆದಿರುವಷ್ಟು ಹೊತ್ತು

ಕ್ಯಾಮೆರಾ ಕೊರಳಿಗೆ ಬಿದ್ದ ದಿನದಿಂದ ನನಗೊಂದು ಸಂಶಯ: ಛಾಯಾಗ್ರಾಹಕನ ಯೋಗ್ಯತೆ ಕೀಟಗಳಿಗೆ ದೂರದಿಂದಲೇ ತಿಳಿದುಬಿಡುತ್ತದೆ. ಕೋರಾಡಿ ಕೆರೆಯಂಚಿನ ಹುಲ್ಲಿನಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ಯೋಗಾಸನಕ್ಕೂ ಶರಣಾಗತಿಗೂ ನಡುವಿನ ಭಂಗಿಯೊಂದನ್ನು ನಾನು ಸಾಧಿಸುವ ಹೊತ್ತಿಗೆ ಏರೋಪ್ಲೇನ್ ಚಿಟ್ಟೆ ಎದ್ದು ಹೋಗಿರುತ್ತದೆ. ಹೋಗದೆ ಕೂತರೂ ಚಿತ್ರದಲ್ಲಿ ಅದಕ್ಕೆ ನಾಲ್ಕರ ಬದಲು ಎಂಟು ರೆಕ್ಕೆ.

ನಗಬೇಡಿ. ನಾನು ಕಣ್ಣಿನ ಡಾಕ್ಟರು. ನಾಗಪುರಕ್ಕೆ ಬಂದ ಇಷ್ಟು ವರ್ಷವೂ ಕಣ್ಣಿನ ಪೊರೆ ತೆಗೆಯುವುದೇ ನನ್ನ ಕಸುಬು. ಕೂದಲೆಳೆಯಷ್ಟು ಕೈ ಅಲುಗಿದರೂ ಇನ್ನೊಬ್ಬರ ಬೆಳಕು ಹೋಗುತ್ತದೆ. ಹಾಗಾಗಿ ನಾಲ್ಕು ಭಾನುವಾರಗಳ ಚಿತ್ರಗಳೆಲ್ಲ ಮಸುಕಾದಾಗ, ಬೇರೆಯವರು ಕ್ಯಾಮೆರಾವನ್ನು ಬೈಯುವಲ್ಲಿ ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಅಂದಿನಿಂದ ಚಹಾವನ್ನು ಬಸಿಯಿಲ್ಲದೆ ಕುಡಿಯತೊಡಗಿದೆ, ಕಿಣಿಕಿಣಿ ಸದ್ದಿಗೆ ನಮ್ಮ ಸಿಸ್ಟರುಗಳ ಕಿವಿ ಬಹಳ ಚುರುಕು. ಸಹಿ ಹಾಕಿದ ಮೇಲೆ ಅದನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವ ಹೊಸ ಚಟವೂ ಅಂಟಿತು. ಆಪರೇಷನ್ ಟೇಬಲ್ಲಿನಲ್ಲಿ ಕೈ ನೆಟ್ಟಗೇ ಇತ್ತು. ಆದರೆ ಅಲ್ಲಿ ಮಣಿಕಟ್ಟಿಗೆ ರೋಗಿಯ ಹಣೆಯ ಆಸರೆಯಿರುತ್ತದೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಐದನೆಯ ಭಾನುವಾರ ಮಗಳು ಮುಕ್ತಾ ಜೊತೆಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ನಮ್ಮ ಧಾರವಾಡದ ಕನ್ನಡಕ್ಕೆ ನಾಗಪುರದ ಒಗ್ಗರಣೆ ಹಾಕುತ್ತಾಳೆ. ಕ್ಯಾಮೆರಾ ಕಸಿದುಕೊಂಡು ನೋಡಿ, “ಅಪ್ಪಾ, ಅಪರ್ಚರ್ ಇಷ್ಟ ಸಣ್ಣದು ಯಾಕ ಇಟ್ಟೀರಿ? ಬೆಳಕ ಸಾಲದ ಶಟರ್ ಭಾಳ ಹೊತ್ತು ತಗದಿರ್ತದ. ಅಷ್ಟರಾಗ ಎಲ್ಲಾ ಹಿಲ್ತದ” ಎಂದಳು, ಅಂದರೆ ಅಲುಗುತ್ತದೆ.

ಏನು ಹೇಳಲಿ! ಮಸುಕು ಎಂದು ಬಂದವರ ಕಣ್ಣೆದುರು ಸೂಜಿಮೊನೆಯಷ್ಟು ತೂತಿರುವ ಬಿಲ್ಲೆ ಹಿಡಿದು, ಅಕ್ಷರ ತಿಳಿಯಾಯಿತೇ ಎಂದು ಕೇಳುವುದು ನಮ್ಮ ವೃತ್ತಿಯ ಸನಾತನ ಪದ್ಧತಿ. ಎಷ್ಟೋ ಜನರಿಗೆ ತಿಳಿಯಾಗುತ್ತದೆ ಕೂಡ. ಆ ವಿದ್ಯೆಯನ್ನೇ ಕ್ಯಾಮೆರಾಕ್ಕೂ ದಯಪಾಲಿಸಿ, ಚಿತ್ರ ಮಸುಕಾದಷ್ಟೂ ತೂತನ್ನು ಕಿರಿದು ಮಾಡುತ್ತಾ ಬಂದಿದ್ದೆ.

ಮುಕ್ತಾ ಅಪರ್ಚರ್ ಅಗಲಿಸಿದಳು, ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಏರಿಸಿ ನನ್ನ ಕೈಗೇ ಕೊಟ್ಟಳು. ತೆಗೆದೆ. ರೆಕ್ಕೆಯ ನರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು! “ಈಗ ಬರೋಬರ್” ಎಂದಳು. ನಾನು ಕುಣಿಯುವುದೊಂದು ಬಾಕಿ.

ನೆಮ್ಮದಿ ಐದು ನಿಮಿಷ ಬಾಳಿತು. ರೆಕ್ಕೆಯ ಬಡಿತವನ್ನೇ ನಿಲ್ಲಿಸಿ ತೋರಿಸುವ ಶಟರಿಗೆ ನನ್ನ ಕೈಯ ನಡುಕವನ್ನು ಮುಚ್ಚಿಡುವುದು ಎಷ್ಟರ ಕೆಲಸ? ಶಟರನ್ನು ಮತ್ತೆ ನಿಧಾನಕ್ಕಿಳಿಸಿದೆ. ಕೆರೆಯ ಮೆಟ್ಟಿಲಿನ ಮೇಲೆ ಯಾವುದೋ ಕೀಟ ಕಳಚಿಟ್ಟ ಒಣ ಕವಚವೊಂದು ಅಂಟಿಕೊಂಡಿತ್ತು, ಅದು ಅಲುಗುವ ಪ್ರಶ್ನೆಯೇ ಇಲ್ಲ. ನಾನು ಹತ್ತು ಸಲ ಕ್ಲಿಕ್ಕಿಸಿದೆ, ಅವಳಿಂದಲೂ ಹತ್ತು ತೆಗೆಸಿದೆ. ಅವಳವು ಏಳು ಸ್ವಚ್ಛವಾಗಿದ್ದವು, ನನ್ನದು ಒಂದೂ ಇಲ್ಲ.

“ಗಾಳಿ ಇರಬೇಕ್ರಿ, ಅಪ್ಪಾ” ಎಂದಳು ಮುಕ್ತಾ. ಗಾಳಿ ಅವಳಿಗೂ ಬೀಸಿತ್ತು.

ಮರುದಿನ ಮೂರು ಆಪರೇಷನ್ನುಗಳಿದ್ದವು. ಮೆಟ್ಟಿಲ ಮೇಲೆ ಕೂತೇ ಜೊತೆಯ ಡಾಕ್ಟರಮ್ಮನಿಗೆ ಫೋನ್ ಮಾಡಿ, ಮೂರನ್ನೂ ನೀವೇ ಮಾಡಬೇಕು ಎಂದೆ. “ಕ್ಯಾ ಹುವಾ ಸರ್? ತಬಿಯತ್ ಠೀಕ್ ಹೈ ನಾ?” ಎಂದು ಆರೋಗ್ಯ ವಿಚಾರಿಸಿದರು. ನೆಗಡಿ ಎನ್ನಬಹುದಿತ್ತು, ಊರಿಗೆ ಹೋಗಬೇಕು ಎನ್ನಬಹುದಿತ್ತು. ನನ್ನ ಕೈ ನಡುಗುತ್ತಿದೆ, ತೋರಿಸಿಕೊಳ್ಳಬೇಕು ಎಂದೆ. ಹೇಳಿ ಮುಗಿಸಿ ನೋಡಿದರೆ, ಮುಕ್ತಾ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದಳು.