ಬೀಗಣ್ಣನ ಕಪಾಟಿಗೆ ವಿಮೆ

ಬೀಗ ರಿಪೇರಿಯಲ್ಲಿ ಮೂವತ್ತೆಂಟು ವರ್ಷ ಸವೆಸಿದ ಆ ಮನುಷ್ಯನನ್ನು ಬೀದಿಯವರೆಲ್ಲ ಬೀಗಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಎರಡು ಚಟ. ಹಳೆಯ ಬೀಗ ಕಂಡರೆ ಮನೆಗೆ ತರುತ್ತಿದ್ದ. ಹಾಕಿದ ಬೀಗ ಕಂಡರೆ ತೆಗೆಯುತ್ತಿದ್ದ. ಎರಡನೆಯ ಚಟದಿಂದಾಗಿ ನೆಂಟರು ಕರೆಯುವುದನ್ನೇ ಬಿಟ್ಟಿದ್ದರು. ಊಟಕ್ಕೆ ಬಂದವನು ಅದೂ ಇದೂ ಮಾತಾಡುತ್ತಲೇ ಮನೆಯವರ ಬೀರು ತೆರೆದಿಟ್ಟರೆ ಯಾರು ತಾನೆ ಮತ್ತೆ ಕರೆಯುತ್ತಾರೆ?

ಮೊದಲನೆಯ ಚಟದ ಫಲವಾಗಿ ನಡುಮನೆಯ ಕಪಾಟಿನಲ್ಲಿ ಇನ್ನೂರ ಹದಿನೇಳು ಬೀಗಗಳು ಸೇರಿದ್ದವು. ಕಪಾಟಿನಲ್ಲಿರಬೇಕಾದ ಹೊದಿಕೆಗಳು ಊಟದ ಮೇಜಿನ ಕೆಳಗಿದ್ದವು. ಹೆಂಡತಿ ಒಂದು ಬೆಳಿಗ್ಗೆ ತೀರ್ಪು ಕೊಟ್ಟಳು.

"ರೀ, ಇದು ಆಸ್ತಿಯೋ ಗುಜರಿಯೋ ನೀವೂ ಹೇಳೋದು ಬೇಡ, ನಾನೂ ಹೇಳೋದು ಬೇಡ. ವಿಮೆ ಕಂಪನಿಯವರು ಹೇಳ್ಲಿ. ಮನೆ ಪಾಲಿಸೀಲಿ ಸೇರಿಸ್ಕೊಂಡ್ರೆ ಕಪಾಟು ನಿಮ್ದು. ಇಲ್ಲಾಂದ್ರೆ ತಿಂಗಳ ಕೊನೇಲಿ ಗುಜರಿಯವನು ಬರ್ತಾನೆ."

"ಅವನಿಗೆ ಹೇಳೂ ಆಯ್ತಾ?"

"ದೊಡ್ಡ ತಕ್ಕಡಿ ತಗೊಂಡು ಬಾ ಅಂತಾನೂ ಹೇಳಿದೀನಿ."

ಮನೆಯ ವಿಮೆಯಲ್ಲಿ ಮಂಚ, ಕುರ್ಚಿ, ಪಾತ್ರೆಗಳಿಗೆ ಜಾಗ ತಾನಾಗಿ ಇರುತ್ತದೆ. ಹವ್ಯಾಸಕ್ಕೆಂದು ಕೂಡಿಟ್ಟ ಬೆಲೆಬಾಳುವ ವಸ್ತುಗಳನ್ನು ಮಾತ್ರ ಬೇರೆಯಾಗಿ ಪಟ್ಟಿ ಮಾಡಬೇಕು, ಬೆಲೆ ಕಟ್ಟಿಸಬೇಕು, ಭದ್ರವಾದ ಬೀಗದೊಳಗೆ ಇಡಬೇಕು. ಅದನ್ನು ಪರೀಕ್ಷಿಸಲು ಕಂಪನಿಯ ಸರ್ವೇಯರ್ ಬಂದ. ಮೈತುಂಬಿದ ಮನುಷ್ಯ, ಮೂರನೆಯ ಮಹಡಿಯ ಮನೆ, ಲಿಫ್ಟ್ ಇಲ್ಲ. ಉಸಿರು ಹಿಂತಿರುಗಿದ ಮೇಲೆ ಒಂದೊಂದೇ ಬೀಗವನ್ನು ನೋಡಿದ. ಆಮೆಯಾಕಾರದ ಹಿತ್ತಾಳೆ ಬೀಗವನ್ನು ಅಂಗೈಯಲ್ಲಿಟ್ಟುಕೊಂಡು, "ಬೆಲೆಗೆ ಇದೊಂದೇ ಸಾಕಲ್ಲ ಯಜಮಾನ್ರೇ!" ಎಂದ. ಬೀಗಣ್ಣ ಹೆಂಡತಿಯತ್ತ ಓರೆಗಣ್ಣಲ್ಲಿ ನೋಡಿದ. ಅವಳು ಕಿಟಕಿ ನೋಡುತ್ತಿದ್ದಳು.

ಆಮೇಲೆ ಸರ್ವೇಯರ್ ಕಪಾಟಿನ ಬೀಗವನ್ನು ಎರಡು ಸಲ ಜಗ್ಗಿದ. "ಗಟ್ಟಿಯಾಗೇ ಇದೆ" ಎಂದು ಪೆನ್ನು ತೆಗೆದ.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಬೀಗಣ್ಣನಿಗೆ ನಗು ತಡೆಯಲಿಲ್ಲ. "ಇದು ಗಟ್ಟೀನಾ?" ಎಂದವನೇ ಹೆಂಡತಿಯ ತುರುಬಿನಿಂದ ಹೇರ್‌ಪಿನ್ ಕಿತ್ತು, ಬೀಗಕ್ಕೆ ತೂರಿಸಿ, ತೆಗೆದು ತೋರಿಸಿದ. "ಹದಿನಾಲ್ಕು ಸೆಕೆಂಡು!"

ಸರ್ವೇಯರ್ 'ಭದ್ರತೆ ಸಾಲದು' ಎಂದು ಬರೆದು ಮೆಟ್ಟಿಲಿಳಿದ.

ಎರಡನೆಯ ಸಲಕ್ಕೆ ಕಂಪನಿಯೇ ಸೂಚಿಸಿದ ದುಬಾರಿ ಬೀಗ ಬಂತು. ಬೀಗಣ್ಣ ಹೆಂಡತಿಯ ಅಪ್ಪಣೆಯಂತೆ ತನ್ನ ಕೈಗಳ ಮೇಲೆ ತಾನೇ ಕೂತ. ಸರ್ವೇಯರ್ ಬೀಗವನ್ನು ತಟ್ಟಿ, "ಇದನ್ನ ಮಾತ್ರ ಯಾರಪ್ಪನ ಕೈಲೂ ತೆಗೆಯೋಕಾಗಲ್ಲ" ಎಂದ. ಬೀಗಣ್ಣನ ಹಣೆ ಬೆವರಿತು. ಅಪ್ಪನವರೆಗೂ ಮಾತು ಹೋದ ಮೇಲೆ ಅವನಾದರೂ ಏನು ಮಾಡಿಯಾನು? ಇಪ್ಪತ್ತೆರಡು ಸೆಕೆಂಡು ಹಿಡಿಯಿತು.

"ಇನ್ನೊಂದೇ ಸಲ ಬರ್ತೀನಮ್ಮ" ಎಂದ ಸರ್ವೇಯರ್, ಅಳುವ ದನಿಯಲ್ಲಿ. "ಆಮೇಲೆ ಫೈಲ್ ಮುಚ್ಚಿಬಿಡ್ತಾರೆ."

ಮೂರನೆಯ ಸಲ ಆತ ಬಂದಾಗ ಬೀಗಣ್ಣನ ಎರಡೂ ಕೈಗಳು ಮೊಣಕೈವರೆಗೆ ಬಿಳಿ ಬ್ಯಾಂಡೇಜಿನಲ್ಲಿದ್ದವು.

"ಅಯ್ಯೋ, ಏನಾಯ್ತು?"

"ಇನ್ನೂ ಏನೂ ಆಗಿಲ್ಲ. ಆಗಬಾರ್ದು ಅಂತ ನಾನೇ ಸುತ್ತಿದೀನಿ" ಎಂದಳು ಹೆಂಡತಿ. "ನೀವು ಬೇಗ ಬರ್ಕೊಳ್ಳಿ."

ಸರ್ವೇಯರ್ ಅವಸರದಲ್ಲಿ ಬರೆದ. ಮೊಹರು ಒಂದು ಬಾಕಿ. ಅದು ಸ್ಕೂಟರ್ ಸೀಟಿನ ಕೆಳಗಿನ ಡಬ್ಬಿಯಲ್ಲಿತ್ತು. ಕಾಗದ ಹಿಡಿದೇ ತರಲು ಇಳಿದು ಹೋದ. ಐದು ನಿಮಿಷದಲ್ಲಿ ಕೆಳಗಿನಿಂದ ಕೂಗು ಬಂತು.

"ಯಜಮಾನ್ರೇ! ಕೀಲಿಕೈ, ಮೊಹರು ಎರಡೂ ಒಳಗೇ ಬಿಟ್ಟು ಸೀಟು ಮುಚ್ಚಿಬಿಟ್ಟೆ!"

ಮೂವರೂ ಸ್ಕೂಟರಿನ ಸುತ್ತ ನಿಂತರು. ಬೀಗಣ್ಣನ ಬೆರಳುಗಳು ಬ್ಯಾಂಡೇಜಿನೊಳಗೆ ಒದ್ದಾಡಿದವು. "ಬಿಚ್ಚೇ, ಒಂದೇ ಒಂದು ಕೈ!"

"ಸುಮ್ನಿರಿ" ಎಂದು ಹೆಂಡತಿ ತುರುಬಿನಿಂದ ಹೇರ್‌ಪಿನ್ ತೆಗೆದಳು. ಮೂವತ್ತು ವರ್ಷ ಅದೇ ಪಿನ್ನನ್ನು ತನ್ನ ತಲೆಯಿಂದ ಕಿತ್ತು ಗಂಡ ಏನು ಮಾಡುತ್ತಾನೆಂದು ಪಕ್ಕದಲ್ಲೇ ನಿಂತು ನೋಡಿದವಳು. ಬಗ್ಗಿದಳು, ತಿರುವಿದಳು, ಸೀಟು ಮೇಲೆದ್ದಿತು.

"ಆರು ಸೆಕೆಂಡು" ಎಂದ ಸರ್ವೇಯರ್, ಗಡಿಯಾರ ನೋಡಿ. ಅವನಿಗೂ ಅದೇ ಅಭ್ಯಾಸವಾಗಿತ್ತು.

ಬೀಗಣ್ಣನ ಮುಖ ಕೆಂಪೇರಿತು. "ಆರಾ? ಮುಚ್ಚು ಅದನ್ನ! ಮುಚ್ಚು ಅಂದೆ!" ಎನ್ನುತ್ತ ಹಲ್ಲಿನಿಂದಲೇ ಬ್ಯಾಂಡೇಜು ಬಿಚ್ಚತೊಡಗಿದ. "ನಾನು ಐದರಲ್ಲಿ ತೆಗೀತೀನಿ!"

ಸರ್ವೇಯರ್ ಮೊಹರು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಗಂಡನನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಕತ್ತೆತ್ತಿ ಮೂರು ಮಹಡಿಯ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದ.

"ಅಮ್ಮ, ಈ ಮನೆಗೆ ಕಳ್ಳ ಬಂದ್ರೆ ನಾಚ್ಕೊಂಡು ವಾಪಸ್ ಹೋಗ್ತಾನೆ" ಎಂದು ಸೀಟು ಮುಚ್ಚಿ, ಕಾಗದವನ್ನು ಅದರ ಮೇಲೆ ಹರವಿ ಮೊಹರು ಒತ್ತಿದ.

ಹೆಂಡತಿ ಕಾಗದವನ್ನು ಪೂರ್ತಿ ಓದಿದಳು. ಇನ್ನೂರ ಹದಿನೇಳೂ ಪಟ್ಟಿಯಲ್ಲಿದ್ದವು. ಪಿನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಂಡಳು.

"ಆಯ್ತು. ಕಪಾಟು ನಿಮ್ದು. ಗುಜರಿಯವನಿಗೆ ಬೇಡ ಅಂತೀನಿ. ಹೊದಿಕೆ ಇಡೋಕೆ ಹೊಸ ಕಪಾಟು ತನ್ನಿ" ಎಂದು ಮೆಟ್ಟಿಲು ಹತ್ತಿದಳು. "ಬೀಗ ಇಲ್ಲದ್ದು."

ಬೀಗಣ್ಣನಿಗೆ ಅದು ಕೇಳಿಸಲಿಲ್ಲ. ಜೇಬಿನ ತಂತಿಯನ್ನು ಸೀಟಿನ ಬೀಗಕ್ಕೆ ತೂರಿಸಿ ಅವನು ಏಳನೆಯ ಸೆಕೆಂಡಿನಲ್ಲಿದ್ದ.