ನಲ್ಲಿ ಯಾವ ಕಡೆಗಿತ್ತು

ಧೂಳಕ್ಕ ಮಾಡುವ ಕೆಲಸ ಏನೆಂಬುದು ಅವಳ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರೂ ಇರಲಿಲ್ಲ. ಕೇಳಿದವರಿಗೆಲ್ಲ ಅಮ್ಮ "ಕಂಪ್ಯೂಟರ್ ಕೆಲಸ" ಅನ್ನುತ್ತಿದ್ದಳು. ಅಕ್ಕ "ಲೈಬ್ರರಿ ಥರ ಏನೋ" ಅನ್ನುತ್ತಿದ್ದಳು. ಭಾವ ಮಾತ್ರ "ಊರಿನ ಗುಜರಿಯನ್ನೆಲ್ಲ ಕಂಪ್ಯೂಟರಿಗೆ ತುಂಬೋದು" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸಂಜೆ ಮನೆಗೆ ಬರುವಾಗ ನಾದಿನಿಯ ತಲೆ, ಹುಬ್ಬು, ರೆಪ್ಪೆಗಳ ಮೇಲೆಲ್ಲ ಬೂದುಬಣ್ಣದ ಪುಡಿ ಕೂತಿರುತ್ತಿದ್ದುದನ್ನು ನೋಡಿ ಧೂಳಕ್ಕ ಎಂಬ ಹೆಸರಿಟ್ಟವನೂ ಅವನೇ. ಹೆಸರು ಅವಳಿಗೆ ಅಂಟಿಕೊಂಡಿತು, ಧೂಳಿಗಿಂತ ಗಟ್ಟಿಯಾಗಿ.

"ಹೌದೇ, ನೀನು ಓದಿದ್ದು ಇತಿಹಾಸ. ದಿನಾ ಮಾಡೋದು ಸ್ಟುಡಿಯೋದವರ ಕೆಲಸ. ಕುತ್ತಿಗೆಗೆ ನೇತುಹಾಕ್ಕೊಂಡಿರೋ ಚೀಟಿಲಿ ಬರೆದಿರೋದು ಸಹಾಯಕಿ ಅಂತ. ಒಟ್ಟಾರೆ ನೀನು ಯಾರು?" ಎಂದು ಅಮ್ಮ ಕೇಳಿದ್ದುಂಟು.

"ಅದನ್ನೇ ನಾನೂ ಹುಡುಕ್ತಾ ಇದೀನಿ ಕಣಮ್ಮ. ಸಿಕ್ಕಿದ್ರೆ ಮೊದಲು ನಿನಗೇ ಹೇಳ್ತೀನಿ."

ಡಿಗ್ರಿ ಮುಗಿಸಿ ಆರು ವರ್ಷ ಅವಳು ಜೆರಾಕ್ಸ್ ಅಂಗಡಿಯೊಂದರಲ್ಲಿ ಊರವರ ಅರ್ಜಿಗಳನ್ನು ಟೈಪು ಮಾಡುತ್ತ ಕೂತಿದ್ದಳು. ಒಮ್ಮೆ ಕಾಲೇಜಿನ ಇತಿಹಾಸದ ಮೇಡಂ ತಮ್ಮ ದೊಡ್ಡದೊಂದು ಬರಹವನ್ನು ಟೈಪಿಗೆ ತಂದುಕೊಟ್ಟರು. ವಾಪಸು ಕೊಡುವಾಗ ಧೂಳಕ್ಕ ಹಿಂದೆಮುಂದೆ ನೋಡುತ್ತ, "ಮೇಡಂ, ಈ ಸೇತುವೆಯನ್ನ ನೀವು ನಲವತ್ತನೇ ಪುಟದಲ್ಲಿ ಕಟ್ಟಿಸಿದ್ದೀರಿ, ನೂರಾ ಹನ್ನೆರಡರಲ್ಲಿ ಮತ್ತೆ ಕಟ್ಟಿಸಿದ್ದೀರಿ. ನಡುವೆ ಒಂಬತ್ತು ವರ್ಷ ಇದೆ" ಎಂದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ತಿಂಗಳು, ಊರಿನ ಹಳೆಯ ಚಿತ್ರಗಳನ್ನು ಕೂಡಿಡುವ ತಮ್ಮ ಕೆಲಸಕ್ಕೆ ಅವಳನ್ನು ಕರೆದುಕೊಂಡರು.

ಜಾಗವೆಂದರೆ ಹಳೆಯ ಪುರಸಭೆ ಕಟ್ಟಡದ ಮಹಡಿ ಮೇಲಿನ ಎರಡು ಕೋಣೆ. ಒಂದರಲ್ಲಿ ಟ್ರಂಕುಗಳು, ಇನ್ನೊಂದರಲ್ಲಿ ಒಂದು ಸ್ಕ್ಯಾನರು, ಒಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ. ಮುಚ್ಚಿಹೋದ ಫೋಟೋ ಸ್ಟುಡಿಯೋದವರು ಹನ್ನೊಂದು ಮರದ ಪೆಟ್ಟಿಗೆ ಕೊಟ್ಟುಹೋಗಿದ್ದರು. ಪೆಟ್ಟಿಗೆ ತುಂಬ ಗಾಜಿನ ನೆಗೆಟಿವುಗಳು, ಅಂಗೈಯಷ್ಟಗಲದವು, ಒಂದಕ್ಕೊಂದು ಕಾಗದ ಸುತ್ತಿ ಜೋಡಿಸಿದವು. ಒಂದೊಂದನ್ನೇ ಬ್ರಷ್ಷಿನಿಂದ ಒರೆಸಬೇಕು, ಸ್ಕ್ಯಾನರಿನ ಮೇಲೆ ಮಲಗಿಸಬೇಕು, ಕಂಪ್ಯೂಟರಿನಲ್ಲಿ ಚಿತ್ರ ಬಂದ ಮೇಲೆ ಯಾರು, ಎಲ್ಲಿ, ಯಾವಾಗ ಎಂದು ಪಟ್ಟಿಯ ಒಂದೊಂದೇ ಮನೆ ತುಂಬಬೇಕು. ಗೊತ್ತಿಲ್ಲದ್ದನ್ನು ಊರಿನ ಹಿರಿಯರನ್ನು ಕೂರಿಸಿ ಕೇಳಿ, ಅವರ ದನಿ ರೆಕಾರ್ಡು ಮಾಡಿ ಪಕ್ಕದಲ್ಲಿಡಬೇಕು. ಆಮೇಲೆ ಎಲ್ಲವೂ ವೆಬ್‌ಸೈಟಿಗೆ. ಊರಿನವರು ಕೂತಲ್ಲೇ ತಮ್ಮ ಮುತ್ತಾತನ ಮೀಸೆ ನೋಡಬಹುದು.

ಹಾಗೆ ಕೂರಿಸಿ ಕೇಳಿದವರಲ್ಲಿ ಪೋಸ್ಟಜ್ಜನೂ ಒಬ್ಬ. ಮೂವತ್ತೊಂದು ವರ್ಷ ಊರಿನ ಬಾಗಿಲು ಬಾಗಿಲಿಗೆ ಕಾಗದ ಮುಟ್ಟಿಸಿದವನು. ಮಗನ ಕೈಹಿಡಿದು ಮಹಡಿ ಹತ್ತಿ ಬಂದವನ ಮುಂದೆ ಅವಳು ಹಳೆ ಪೋಸ್ಟಾಫೀಸಿನ ಚಿತ್ರ ಇಟ್ಟಳು. ಮೆಟ್ಟಿಲ ಮೇಲೆ ಕೋಟು ತೊಟ್ಟ ಎಂಟು ಜನ, ಪಕ್ಕದಲ್ಲಿ ಒಂದು ನಲ್ಲಿ. ಬೋರ್ಡು ಚೌಕಟ್ಟಿನಾಚೆ ಉಳಿದಿತ್ತು.

"ಆಫೀಸು ನಮ್ದೇ," ಎಂದ ಅಜ್ಜ. "ನಲ್ಲಿ ಮಾತ್ರ ಇಲ್ಲಿರಲಿಲ್ಲ. ಇದು ಎಡಗಡೆ ತೋರಿಸ್ತಿದೆ. ಆಫೀಸಿಗೆ ಮುಖ ಮಾಡಿ ನಿಂತ್ರೆ ನಲ್ಲಿ ಬಲಗಡೆ ಇತ್ತಮ್ಮ. ಮೂವತ್ತೊಂದು ವರ್ಷ ಅಲ್ಲಿ ಕಾಲು ತೊಳೆದಿದೀನಿ."

"ಅಪ್ಪಾ, ಫೋಟೋ ಸುಳ್ಳು ಹೇಳುತ್ತಾ?" ಎಂದ ಮಗ.

ಅಜ್ಜ ಚಿತ್ರ ನೋಡಿದ, ತನ್ನ ಎರಡು ಕೈ ನೋಡಿಕೊಂಡ, ಮತ್ತೆ ಚಿತ್ರ ನೋಡಿದ. "ಇಲ್ಲ ಬಿಡು. ನನಗೇ ಮರೆತಿರಬೇಕು."

ಆ ರೆಕಾರ್ಡಿನ ಕೆಳಗೆ ಧೂಳಕ್ಕ ತನ್ನ ಕೈಯಾರೆ ಬರೆದಳು: ವಯಸ್ಸಿನ ಕಾರಣ ಇವರ ನೆನಪು ನಂಬುವಂತಿಲ್ಲ.

ಕೆಲವು ತಿಂಗಳ ಮೇಲೆ ತರಕಾರಿ ಅಂಗಡಿಯಲ್ಲಿ ಆ ಮಗ ಎದುರಾದ. "ನಿಮ್ಮಿಂದ ಉಪಕಾರವಾಯ್ತು ಕಣಮ್ಮ. ಅವತ್ತು ಅಪ್ಪ ನಲ್ಲಿ ವಿಷಯದಲ್ಲಿ ಎಡವಿದ್ರಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋದೆ. ಮರೆವು ಶುರುವಾಗಿರಬಹುದು ಅಂದ್ರು. ಈಗ ಗೇಟಿಗೆ ಬೀಗ ಹಾಕಿದೀವಿ. ಒಬ್ಬರನ್ನೇ ಎಲ್ಲೂ ಬಿಡಲ್ಲ" ಎಂದ. ಒಳ್ಳೆಯದಾಯಿತು ಬಿಡು ಎಂದುಕೊಂಡು ಧೂಳಕ್ಕ ಟೊಮೇಟೊ ಆರಿಸಿದಳು.

ಅಜ್ಜ ಮಹಡಿ ಹತ್ತಿ ಬಂದು ಎರಡು ವರ್ಷವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಮ್ಮ ಮಷೀನಿನ ಮುಂದೆ ಕೂತು ಯಾರದೋ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ನಲವತ್ತು ವರ್ಷದಿಂದ ಊರಿಗೆ ಬಟ್ಟೆ ಹೊಲಿದುಕೊಟ್ಟ ಕೈ. ಮಗಳ ಆಫೀಸಿನಿಂದ ಒಂದು ಪುಟ್ಟ ಪುಸ್ತಕ ಅಚ್ಚಾಗಿ ಬಂದಿತ್ತು, ಮುಖಪುಟದ ಮೇಲೆ ಅದೇ ಎಂಟು ಜನ. ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಏನೇ ಇದು, ಎಂಟು ಜನ ಗಂಡಸರೂ ಹೆಂಗಸರ ಕೋಟು ಹಾಕ್ಕೊಂಡು ನಿಂತಿದಾರಲ್ಲ! ಅವತ್ತೇನು ನಾಟಕ ಇತ್ತಾ?"

"ಕೋಟಲ್ಲಿ ಹೆಂಗಸರದ್ದು ಗಂಡಸರದ್ದು ಅಂತ ಏನಮ್ಮ?"

"ಅಯ್ಯೋ, ಹೊಲಿಯೋಳ ಮಗಳಾಗಿ ಹೀಗೆ ಕೇಳ್ತೀಯಲ್ಲೇ. ಗಂಡಸರ ಕೋಟಲ್ಲಿ ಎಡಗಡೆ ಪಟ್ಟಿ ಬಲಗಡೆದರ ಮೇಲೆ ಬರುತ್ತೆ. ಜೇಬು ಎಡಗಡೆ ಎದೆ ಮೇಲೆ. ಇಲ್ಲಿ ನೋಡು, ಪಟ್ಟಿ ತಿರುವುಮುರುವು, ಜೇಬು ಬಲಗಡೆ. ಒಬ್ಬ ಟೈಲರು ತಪ್ಪಿದ ಅನ್ನಬಹುದು. ಎಂಟೂ ಜನರದ್ದು ತಪ್ಪುತ್ತಾ?"

ಧೂಳಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಪುಸ್ತಕ ಇಸಿದುಕೊಂಡಳು. ನಲ್ಲಿ ಎಡಗಡೆಗಿತ್ತು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋದವಳೇ ಮೊದಲನೇ ಪೆಟ್ಟಿಗೆ ತೆಗೆದು ಆ ಗಾಜು ಹುಡುಕಿದಳು. ಗಾಜಿನ ನೆಗೆಟಿವಿಗೆ ಎರಡು ಮುಖ, ಒಂದು ಹೊಳಪಿನದು, ಒಂದು ಮಾಸಲು. ಯಾವ ಮುಖ ಕೆಳಗೆ ಮಲಗಬೇಕೆಂಬ ನಿಯಮವಿದೆ. ಅದು ತಪ್ಪಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ಮೂರು ವಾರ ಈ ನಿಯಮ ಅವಳಿಗೆ ಗೊತ್ತಿರಲಿಲ್ಲ. ನಾಲ್ಕನೇ ವಾರ ಒಂದು ಅಂಗಡಿ ಬೋರ್ಡಿನ ಅಕ್ಷರ ತಿರುಗಿ ಬಂದಾಗ ನಕ್ಕು, ಕೇಳಿ ತಿಳಿದುಕೊಂಡು, ಅದೊಂದನ್ನು ಸರಿಮಾಡಿ ಮುಂದಕ್ಕೆ ಹೋಗಿದ್ದಳು. ಅದರ ಹಿಂದಿನವು? ಅಕ್ಷರವಿಲ್ಲದ ಮುಖಗಳು, ಮರಗಳು, ಬೀದಿಗಳು? ಅವು ತಿರುಗಿವೆಯೋ ಇಲ್ಲವೋ ಹೇಳುವವರಾರು? ಆ ಯೋಚನೆ ಇವತ್ತಿನವರೆಗೂ ಅವಳಿಗೆ ಹೊಳೆದಿರಲಿಲ್ಲ. ಗಾಜನ್ನು ಸರಿಯಾದ ಮುಖಕ್ಕೆ ತಿರುಗಿಸಿ ಬೆಳಕಿಗೆ ಹಿಡಿದಳು. ನಲ್ಲಿ ಬಲಗಡೆಗೆ ಬಂದು ನಿಂತಿತು.

ಮೇಡಂ ಎಲ್ಲ ಕೇಳಿ ಹಣೆ ಒತ್ತಿಕೊಂಡರು. "ಎಷ್ಟು ಚಿತ್ರ?"

"ನಾನೂರ ಹನ್ನೆರಡು. ಎಲ್ಲವೂ ತಿರುಗಿಲ್ಲ ಮೇಡಂ. ಕೆಲವನ್ನ ಅರಿವಿಲ್ಲದೇ ಸರಿಯಾಗಿಟ್ಟಿದೀನಿ. ಅದೇ ತಲೆನೋವು. ಒಂದೊಂದೇ ಗಾಜು ಎತ್ತಿ ನೋಡಬೇಕು."

"ನೋಡೋಣ. ಕಂಪ್ಯೂಟರಲ್ಲಿ ತಿರುಗಿಸಿದ್ರೆ ಆಯ್ತು, ಪ್ರಪಂಚ ಮುಳುಗಲ್ಲ. ಯಾಕೆ ಮುಖ ಹೀಗಾಗಿದೆ?"

"ಚಿತ್ರ ತಿರುಗಿಸಬಹುದು ಮೇಡಂ. ಪೋಸ್ಟಜ್ಜನ್ನ ಏನು ಮಾಡ್ಲಿ?"

ಮೇಡಂ ಪೆಟ್ಟಿಗೆಯಿಂದ ಇನ್ನೊಂದು ಗಾಜು ಎತ್ತಿಕೊಂಡರು.

ಧೂಳಕ್ಕ ಮೊದಲು ತಾನು ಬರೆದ ಆ ಸಾಲನ್ನು ಅಳಿಸಿದಳು. ಅಳಿಸಿದ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ, ಖಾಲಿ ಬಿಟ್ಟಳು. ಸರಿಮಾಡಿದ ಚಿತ್ರವನ್ನು ದೊಡ್ಡದಾಗಿ ತೆಗೆಸಿಕೊಂಡು, ಅಜ್ಜನ ಹಳೆಯ ರೆಕಾರ್ಡನ್ನು ಫೋನಿಗೆ ಹಾಕಿಕೊಂಡು ಅವನ ಮನೆಗೆ ನಡೆದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಳು. ಅಜ್ಜ ಸರಿ ಎಂದು ಗೊತ್ತಾದರೆ ಬೀಗ ತೆಗೆಯುತ್ತಾರೆ, ಅಷ್ಟೇ ತಾನೇ? ಇದರಲ್ಲಿ ಕಷ್ಟ ಏನಿದೆ?

ಮಗ ಬೀಗ ತೆಗೆದು ಒಳಗೆ ಕರೆದ, ಹಿಂದೆಯೇ ಮತ್ತೆ ಹಾಕಿದ. ಅಜ್ಜ ನಡುಮನೆಯ ಕುರ್ಚಿಯಲ್ಲಿದ್ದ. ಎದುರಿನ ಗೋಡೆ ನೋಡಿ ಧೂಳಕ್ಕ ಹೊಸ್ತಿಲಲ್ಲೇ ನಿಂತಳು. ಅಲ್ಲಿ ಅದೇ ಚಿತ್ರ, ಹಳೆಯದು, ತಪ್ಪಿನದು, ವೆಬ್‌ಸೈಟಿನಿಂದ ತೆಗೆಸಿ, ಚೌಕಟ್ಟು ಹಾಕಿಸಿ ತೂಗುಹಾಕಿದ್ದರು.

"ದಿನಾ ಬೆಳಿಗ್ಗೆ ಇದೇ ಅಭ್ಯಾಸ," ಎಂದ ಮಗ ಹೆಮ್ಮೆಯಿಂದ. "ನೆನಪಿಗೆ ಕಸರತ್ತು ಬೇಕು ಅಂದಿದ್ರು ಡಾಕ್ಟ್ರು. ಅಪ್ಪಾ, ನಲ್ಲಿ ಎಲ್ಲಿತ್ತು?"

"ಎಡಕ್ಕೆ," ಎಂದ ಅಜ್ಜ, ಶಾಲೆಯ ಮಗುವಿನ ಹಾಗೆ.

ಧೂಳಕ್ಕ ಹೊಂದಿಸಿಕೊಂಡು ಬಂದ ಮಾತು ಈಗ ಹೊಂದಲಿಲ್ಲ. ಆದರೂ ಹೇಳಿದಳು. ಗಾಜಿಗೆ ಎರಡು ಮುಖ ಎಂಬುದನ್ನು, ತಾನು ತಪ್ಪು ಮುಖ ಮಲಗಿಸಿದ್ದನ್ನು, ಕೋಟಿನ ಪಟ್ಟಿಯನ್ನು, ಎಲ್ಲವನ್ನೂ. ಹೊಸ ಚಿತ್ರವನ್ನು ಅಜ್ಜನ ತೊಡೆಯ ಮೇಲಿಟ್ಟಳು. "ತಪ್ಪು ನಂದು ಅಜ್ಜ. ನೀವು ಅವತ್ತು ಹೇಳಿದ್ದೇ ಸರಿ. ನಲ್ಲಿ ಬಲಗಡೆ ಇತ್ತು."

ಅಜ್ಜ ಚಿತ್ರವನ್ನು ತುಂಬ ಹೊತ್ತು ನೋಡಿ ಮೆತ್ತಗೆ ವಾಪಸು ಕೊಟ್ಟ. "ಇಲ್ಲಮ್ಮ. ಎಡಕ್ಕೇ ಇದ್ದದ್ದು. ಅವತ್ತು ನನಗೆ ಮರೆವಿತ್ತು. ಇವನು ಕೂರಿಸಿ ಕೂರಿಸಿ ಸರಿಮಾಡಿದ. ಈಗ ಚೆನ್ನಾಗಿ ನೆನಪಿದೆ."

ಮಗ ಗೋಡೆಯ ಚಿತ್ರದ ಕಡೆ ತಿರುಗಿದ. ಧೂಳಕ್ಕ ಬೇರೇನೂ ತೋಚದೆ ಫೋನು ತೆಗೆದು ರೆಕಾರ್ಡು ಹಾಕಿದಳು. ಕೋಣೆಯಲ್ಲಿ ಎರಡು ವರ್ಷದ ಹಿಂದಿನ ದನಿ ಗಟ್ಟಿಯಾಗಿ ಎದ್ದಿತು: "...ಬಲಗಡೆ ಇತ್ತಮ್ಮ. ಮೂವತ್ತೊಂದು ವರ್ಷ ಅಲ್ಲಿ ಕಾಲು ತೊಳೆದಿದೀನಿ."

ಅಜ್ಜ ಕತ್ತು ಮುಂದೆ ಚಾಚಿದ. "ಯಾರಿದು?"

"ನೀವೇ ಅಜ್ಜ."

"ನಾನಾ? ಇನ್ನೊಂದ್ಸಲ ಹಾಕು."

ಹಾಕಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿದ. "ಎಷ್ಟು ಖಚಿತವಾಗಿ ಹೇಳ್ತಾನೆ ನೋಡು. ಇವನ ಮಾತು ಕೇಳಿದ್ರೆ ನಂಬಬೇಕು ಅನ್ಸುತ್ತೆ," ಎಂದ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ನಿಂತ. "ನಾನು ಹೋಗಿ ನೋಡ್ಕೊಂಡು ಬರ್ತೀನಿ."

"ಅಲ್ಲೇನು ಉಳಿದಿದೆ ಅಪ್ಪಾ? ಆಫೀಸು ಒಡೆದು ಬಟ್ಟೆ ಅಂಗಡಿ ಕಟ್ಟಿದಾರೆ. ಇರಿ, ನಾನೂ ಬರ್ತೀನಿ."

"ನೀನು ಬೇಡ. ನೀನು ಬಂದ್ರೆ ದಾರಿಲೇ ಪಾಠ ಶುರುಮಾಡ್ತೀಯ."

ಮಗ ಧೂಳಕ್ಕನ ಕಡೆ ತಿರುಗಿ ದನಿ ತಗ್ಗಿಸಿದ. "ಒಬ್ಬರನ್ನೇ ಕಳಿಸಬಹುದಾ? ಹೇಳಿ. ಅವರಿಗೆ ಮರೆವು ಇದೆಯೋ ಇಲ್ವೋ?"

ಅವಳಿಗೆ ಗೊತ್ತಿರಲಿಲ್ಲ. ಅವತ್ತು ಇಲ್ಲದ ಮರೆವು ಈ ಎರಡು ವರ್ಷದಲ್ಲಿ ಬಂದಿರಬಹುದು. ತಮ್ಮ ದನಿಯನ್ನು ಫೋನಿನಲ್ಲಿ ಗುರುತಿಸದವರು ಬೇಕಾದಷ್ಟು ಜನ, ಅವಳೂ ಅವರಲ್ಲೊಬ್ಬಳು. ಅಜ್ಜ ಗುರುತಿಸದ್ದು ಅದಕ್ಕೋ, ಮರೆವಿಗೋ? "ನನಗೆ ಗೊತ್ತಿಲ್ಲ," ಎಂದಳು. "ಗೊತ್ತಿಲ್ಲದೇ ಇದ್ದಾಗಲೂ ಬರೆದುಬಿಟ್ಟಿದ್ದೆ, ಅದೇ ನನ್ನ ತಪ್ಪು."

ಮಗ ಬೀಗ ತೆಗೆದ. ಅಜ್ಜ ಚಪ್ಪಲಿ ಮೆಟ್ಟಿ ಹೊರಟ. ಬೀದಿ ಕೊನೆಗೆ ಹೋಗಿ ನಿಂತ. ಮಗ ತಾನೂ ಚಪ್ಪಲಿ ಮೆಟ್ಟಿದ, ಬಿಚ್ಚಿದ, ಮತ್ತೆ ಮೆಟ್ಟಿದ. ಅಷ್ಟರಲ್ಲಿ ಅಜ್ಜ ತಿರುವಿನಲ್ಲಿ ಮರೆಯಾಗಿದ್ದ.

ಕಾದರು. ಮಗ ಗೋಡೆಯ ಚಿತ್ರ ಇಳಿಸಿದ, ಬರಿ ಮೊಳೆ ನೋಡಿ ಏನೋ ಅನ್ನಿಸಿ ಮತ್ತೆ ತೂಗುಹಾಕಿದ. ಐವತ್ತು ನಿಮಿಷ ಕಳೆಯಿತು. ಧೂಳಕ್ಕ ಫೋನಿನಲ್ಲಿ ಗಂಟೆ ನೋಡುತ್ತಲೇ ಇದ್ದಳು. ಇನ್ನೇನು ಇಬ್ಬರೂ ಓಡಬೇಕು, ಅಷ್ಟರಲ್ಲಿ ಅಜ್ಜ ಬೆವರೊರೆಸಿಕೊಳ್ಳುತ್ತ ಗೇಟು ತಳ್ಳಿಕೊಂಡು ಬಂದ.

"ಮೆಟ್ಟಿಲೂ ಇಲ್ಲ, ನಲ್ಲೀನೂ ಇಲ್ಲ. ಬಟ್ಟೆ ಅಂಗಡಿಯವನು ಯಾರು ಬೇಕು ಅಂತ ಕೇಳ್ದ. ನಲ್ಲಿ ಅಂದೆ. ನೀರಿನ ಬಾಟಲಿ ತಂದುಕೊಟ್ಟ."

"ಏನು ಗೊತ್ತಾಯ್ತು ಅಜ್ಜ?"

"ಏನೂ ಗೊತ್ತಾಗಲಿಲ್ಲ. ಬಲಗಡೆ ಅಂತ ಬರ್ಕೊ. ನಾಳೆ ಇನ್ನೊಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ, ಎಡಗಡೆ ಅನ್ನಿಸಿದ್ರೆ ಫೋನ್ ಮಾಡ್ತೀನಿ." ಅಜ್ಜ ಕುರ್ಚಿಗೆ ಕೂತು ಕಾಲು ಚಾಚಿದ. ಮಗ ಬೀಗ ಕೈಯಲ್ಲಿ ಹಿಡಿದು ಗೇಟಿಗೂ ಬಾಗಿಲಿಗೂ ನಡುವೆ ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.