ಎರಡನೇ ಕೋಣೆಯ ತಳಪಾಯ

ನಮ್ಮ ಕಚೇರಿಯಲ್ಲಿ ಮನೆಗಳ ನಕ್ಷೆ ಹಾಕುವವಳನ್ನು ಊರೆಲ್ಲ ಸುಣ್ಣದಕ್ಕ ಎಂದೇ ಕರೆಯುತ್ತಿತ್ತು. ಯುದ್ಧ ಮುಗಿದು ಜನ ವಾಪಸಾದಾಗ ಊರಲ್ಲಿ ನಿಂತಿದ್ದದ್ದು ಶಾಲೆಯ ಕಟ್ಟಡವೊಂದೇ. ಎಲ್ಲರೂ ಅದರೊಳಗೇ ಹೊದಿಕೆ ಕಟ್ಟಿ ಮರೆ ಮಾಡಿಕೊಂಡು, ಒಬ್ಬರ ಕೆಮ್ಮು ಒಬ್ಬರು ಕೇಳಿಕೊಂಡು ಬದುಕುತ್ತಿದ್ದರು.

ಕಾಗದದ ಮೇಲಿನ ನಕ್ಷೆ ಯಾರ ತಲೆಗೂ ಹತ್ತುವುದಿಲ್ಲ ಎಂದು ಅವಳಿಗೆ ಬೇಗನೆ ಗೊತ್ತಾಯಿತು. ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಯಲಲ್ಲಿ ನಿಜವಾದ ಅಳತೆಗೇ ಮನೆಯ ಗೆರೆ ಎಳೆದು, "ಒಳಗೆ ಹೋಗಿ, ಮಲಗಿ ನೋಡಿ" ಅನ್ನುತ್ತಿದ್ದಳು. ಮೀಸೆ ಹೊತ್ತ ಗಂಡಸರು ಹಾಡಹಗಲೇ ಬಯಲಲ್ಲಿ ಕಾಲು ಚಾಚಿ ಮಲಗುವುದನ್ನು ನೋಡಲು ಎರಡು ಕಣ್ಣು ಸಾಲದು. ಬಡಗಿಯೊಬ್ಬ ಗೊರಕೆ ಹೊಡೆದೇಬಿಟ್ಟ. ಅವನ ಹೆಂಡತಿ ಗೆರೆಯಲ್ಲಿ ಬಿಟ್ಟಿದ್ದ ಬಾಗಿಲಿನಿಂದಲೇ ಒಳಗೆ ಬಂದು ತಿವಿದು ಎಬ್ಬಿಸಿದಳು. ಎಂಜಿನಿಯರ್ ಆದ ನನಗೆ ಇದೆಲ್ಲ ಶುದ್ಧ ಹುಡುಗಾಟ ಅನಿಸಿತ್ತು.

ನಗು ನಿಂತದ್ದು ಒಬ್ಬ ಮುದುಕನಿಂದ. ಅವನು ಗೆರೆಯ ಅಂಚಿನಲ್ಲಿ ಮುದುಡಿ ಮಲಗಿದ್ದ.

"ಅಜ್ಜ, ಆ ಕಡೆ ಸರೀರಿ. ಅಷ್ಟು ಜಾಗ ಖಾಲಿ ಇದೆಯಲ್ಲ," ಎಂದಳು ಸುಣ್ಣದಕ್ಕ.

"ಖಾಲಿ ಎಲ್ಲಿದೆ ತಾಯಿ? ಅದು ನಮ್ಮಾಕೆ ಜಾಗ."

ಆಕೆ ಯುದ್ಧದಲ್ಲಿ ಕಾಣೆಯಾಗಿದ್ದಳು. ಹೆಣ ಸಿಗದವರನ್ನು ಈ ಊರಿನವರು ಸತ್ತವರ ಲೆಕ್ಕಕ್ಕೆ ಹಾಕಿರಲಿಲ್ಲ. ಅಂದಿನಿಂದ ಸುಣ್ಣದಕ್ಕ ಯಾರಿಗೂ ಸರಿಯಲು ಹೇಳಲಿಲ್ಲ. ಆದರೆ ಮೇಲಿನವರ ನಿಯಮ ಬೇರೆ ಇತ್ತು: ಬದುಕಿರುವವರು ಮೂವರವರೆಗೆ ಇದ್ದರೆ ಒಂದೇ ಕೋಣೆ.

ಕೊನೆಗೆ ಅವಳ ತಾಯಿಯ ಸರದಿ ಬಂತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದವನು ನಾನೇ.

"ಇಬ್ಬರು. ನಾನು, ನನ್ನ ಮಗ."

ಮುತ್ತಿಗೆಯ ದಿನಗಳಲ್ಲಿ ನೀರು ತರಲು ಹೋದ ಮಗ ಮರಳಿರಲಿಲ್ಲ. ಬದುಕಿರುವ ಮಗಳು ಸುಣ್ಣದ ಡಬ್ಬ ಹಿಡಿದು ಎದುರಿಗೇ ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

"ಮದುವೆ ವಯಸ್ಸಿನ ಹುಡುಗ, ಅವನಿಗೊಂದು ಕೋಣೆ ಬೇಕು," ಎಂದರು ತಾಯಿ. "ಇಲ್ಲಾಂದ್ರೆ ನಾನು ಶಾಲೆ ಬಿಟ್ಟು ಬರಲ್ಲ."

"ಅಮ್ಮಾ, ನಿನಗೊಬ್ಬಳಿಗೆ ಎರಡು ಕೋಣೆ ಕೊಟ್ಟರೆ ಊರವರು ನನ್ನ ಮುಖಕ್ಕೆ ಉಗೀತಾರೆ."

"ಹಾಗಾದ್ರೆ ಅವನು ಬಂದಾಗ ಎಲ್ಲಿ ಮಲಗ್ತಾನೆ? ನೀನೇ ಹೇಳು."

ಶಾಲೆಯ ಸೂರು ಸೋರುತ್ತಿತ್ತು. ಇನ್ನೊಂದು ಚಳಿಗಾಲ ಅಲ್ಲೇ ಕಳೆದರೆ ತಾಯಿಯ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ಕೂತು ಎಲ್ಲ ನಕ್ಷೆಗಳನ್ನೂ ಹೊಸದಾಗಿ ಹಾಕಿದಳು. ಪ್ರತಿಯೊಂದು ಮನೆಗೂ ತಳಪಾಯ ಎರಡು ಕೋಣೆಗೆ, ಗೋಡೆ ಮಾತ್ರ ಒಂದಕ್ಕೆ. ಬರುವವರು ಬಂದಾಗ ಉಳಿದ ಗೋಡೆ ಎಬ್ಬಿಸಿಕೊಳ್ಳಲಿ. ಸಿಮೆಂಟೇನು ನಿಮ್ಮಪ್ಪ ಕೊಡ್ತಾನಾ ಎಂದು ನಾನು ಹಾರಾಡಿದೆ. ಅವಳು ಎಲ್ಲ ಮನೆಗಳ ವರಾಂಡ ತೆಗೆದುಹಾಕಿ ಆ ಸಿಮೆಂಟನ್ನು ಇದಕ್ಕೆ ಹೊಂದಿಸಿದಳು. ಮೇಲಿನವರು ಗೊಣಗಿಕೊಂಡೇ ಒಪ್ಪಿದರು.

ತಾಯಿ ಹೊಸ ಮನೆಗೆ ಬಂದರು. ಗೋಡೆಯಿಲ್ಲದ ತಳಪಾಯವನ್ನು ದಿನಾ ಗುಡಿಸುತ್ತಿದ್ದರು. ಇದ್ದ ಒಂದು ಕೋಣೆಯ ಅರ್ಧದಲ್ಲಿ ಮಗನ ಹಾಸಿಗೆ ಹಾಸಿಟ್ಟರು. ಕೆಲಸ ಜಾಸ್ತಿ ಎಂದು ನೆಪ ಹೇಳಿ ಮಗಳು ಕಚೇರಿಯಲ್ಲೇ ಉಳಿದಳು.

ಒಂದು ಬೆಳಿಗ್ಗೆ ತಾಯಿ ಬಾಗಿಲು ಬಿಗಿಯಾಗಿದೆ ಎಂದು ದೂರಲು ಕಚೇರಿಗೆ ಬಂದರು. ಮಗಳು ಹೊರಗೆ ಹೋಗಿದ್ದಳು. ನಕ್ಷೆಯ ಮೇಜಿನ ಕೆಳಗೆ ಸುತ್ತಿಟ್ಟಿದ್ದ ಹಾಸಿಗೆ ಅವರ ಕಣ್ಣಿಗೆ ಬಿತ್ತು.

"ಇದ್ಯಾರದ್ದಪ್ಪ?"

ನನ್ನ ನಾಲಿಗೆಗೆ ಹಿಡಿತವಿಲ್ಲ. "ನಿಮ್ಮ ಮಗಳದ್ದು, ಇನ್ಯಾರದ್ದು? ಊರಿಗೆಲ್ಲ ಮನೆ ಮಾಡಿಕೊಟ್ಟೋಳಿಗೆ ಮಲಗೋಕೆ ಮೇಜಿನ ಅಡಿ!"

ಬಾಗಿಲಿನ ಮಾತನ್ನೇ ಮರೆತು ಅವರು ಹೊರಟುಹೋದರು. ಸಂಜೆ ಮಗಳಿಗೆ ಹೇಳಿಕಳಿಸಿದರು. ಅಣ್ಣ ಬಂದನೇನೋ ಎಂದು ಅವಳು ಎದ್ದುಬಿದ್ದು ಓಡಿದಳು, ಹಿಂದೆಯೇ ನಾನೂ ಓಡಿದೆ. ತಾಯಿ ತಳಪಾಯದ ಮೇಲೆ ಕೂತಿದ್ದರು. ಪಕ್ಕದಲ್ಲಿ ಗಾರೆಯವನು ನಿಂತಿದ್ದ.

"ಇಲ್ಲಿ ಗೋಡೆ ಎಬ್ಬಿಸೋಕೆ ಇವನಿಗೆ ಹೇಳು. ನೀನು ಬಂದು ಇರು."

"ಅಣ್ಣ ಬಂದ್ರೆ?"

ತಾಯಿ ತಳಪಾಯದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

"ಬಂದ್ರೆ ನನ್ನ ಪಕ್ಕ ಮಲಗ್ತಾನೆ. ಬಂದಿರೋಳು ನೀನು ಕಣೇ. ನೀನು ಒಳಗೆ ಬಾ."